ಪ್ರತಿಕ್ರಿಯೆ: ಹಸುಗಳು ದೂರ ಸರಿದರೆ ಏನು ಮಾಡಬೇಕು?

ಕಸಾಯಿಖಾನೆಯಿಂದ ಪಾರಾಗಿ ಬಂದ ಹಸುಗಳಿರುವ ಆಶ್ರಯತಾಣಕ್ಕೆ ನೆಮ್ಮದಿ ಅರಸಿ ಹೋಗುತ್ತಿದ್ದೀರಿ, ಆದರೆ ನೀವು ಸಮೀಪಿಸಿದೊಡನೆ ಅವು ಎದ್ದು ದೂರ ಸರಿಯುತ್ತವೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ಮೊದಲು ಸಮೀಪಿಸುವುದನ್ನೇ ನಿಲ್ಲಿಸಿ. ಹಸುವಿನ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಸುತ್ತಲಿನ ಬಹುಪಾಲನ್ನು ತಲೆ ತಿರುಗಿಸದೆಯೇ ನೋಡಬಲ್ಲದು. ನೇರ ಹಿಂಭಾಗ ಅದಕ್ಕೆ ಕಾಣದು. ಆದ್ದರಿಂದ ಹಿಂದಿನಿಂದ ಬರುವುದಾಗಲಿ, ದಿಟ್ಟಿಸುತ್ತಾ ನೇರವಾಗಿ ನಡೆದು ಬರುವುದಾಗಲಿ, ಹಿಂದೆ ಪೆಟ್ಟು ತಿಂದ ಪ್ರಾಣಿಗೆ ಬೆದರಿಕೆಯಾಗಿಯೇ ತೋರುತ್ತದೆ. ಅದಕ್ಕೆ ಕಾಣುವಂತೆ ಪಕ್ಕದಲ್ಲಿ, ಅದು ಸಹಿಸುವಷ್ಟು ದೂರದಲ್ಲಿ, ಫೋನನ್ನು ಒಳಗಿಟ್ಟು ಸುಮ್ಮನೆ ಕುಳಿತುಕೊಳ್ಳಿ.

ಆಗ ಮೆಲುಕನ್ನು ಗಮನಿಸಿ. ಮೇವಿನ ಉಂಡೆ ಮೇಲೇರುವುದು ಕತ್ತಿನ ಚರ್ಮದ ಮೇಲೆಯೇ ಕಾಣುತ್ತದೆ, ದವಡೆ ಅಡ್ಡಡ್ಡಲಾಗಿ ಸುಮಾರು ಒಂದು ನಿಮಿಷ ಅರೆಯುತ್ತದೆ, ನುಂಗಿ ಕೆಲವು ಕ್ಷಣ ತಡೆದ ಮೇಲೆ ಮತ್ತೊಂದು ಉಂಡೆ ಬರುತ್ತದೆ. ದಿನಕ್ಕೆ ಸುಮಾರು 6ರಿಂದ 8 ಗಂಟೆ ನಡೆಯುವ ಈ ಕೆಲಸವನ್ನು ಹಸು ಹೆದರಿದಾಗ ನಿಲ್ಲಿಸಿಬಿಡುತ್ತದೆ. ನೀವು ಇದ್ದರೂ ಅದು ಮೆಲುಕು ಹಾಕುತ್ತಿದ್ದರೆ ನಿಮ್ಮ ಇರವನ್ನು ಒಪ್ಪಿಕೊಂಡಿದೆಯೆಂದೇ ತಿಳಿಯಬಹುದು. (ಆ ಲಯವನ್ನು ನೋಡುತ್ತಾ ಕುಳಿತರೆ ನಮ್ಮ ಉಸಿರೂ ತಾನಾಗಿ ನಿಧಾನವಾಗುತ್ತದೆಂಬುದು ನನ್ನ ಅನುಭವ.) ಮುಂದೊಂದು ದಿನ ಹಸುವೇ ಮೂತಿ ಚಾಚಿ ನಿಮ್ಮನ್ನು ಮೂಸಿದರೆ, ನೆತ್ತಿಯನ್ನು ತಟ್ಟದೆ, ಕತ್ತಿನ ಕೆಳಗಿನ ಗಂಗೆದೊಗಲನ್ನು ನಿಧಾನವಾಗಿ ಸವರಿ, ಹಸುಗಳು ಸಾಮಾನ್ಯವಾಗಿ ಅಲ್ಲಿನ ಸ್ಪರ್ಶವನ್ನು ಇಷ್ಟಪಡುತ್ತವೆ.

ತಿನಿಸು ಒಯ್ಯುವುದು ನನಗೆ ಸರಿಕಾಣದು. ಒಮ್ಮೆಲೇ ಹೆಚ್ಚು ಧಾನ್ಯ ತಿಂದರೆ ಅವುಗಳ ಹೊಟ್ಟೆಗೆ ಅಪಾಯ, ಹಿಂಡಿನಲ್ಲಿ ನೂಕಾಟವೂ ಶುರುವಾಗುತ್ತದೆ. ಕೊಡಲೇಬೇಕೆನಿಸಿದರೆ ನೋಡಿಕೊಳ್ಳುವವರನ್ನು ಕೇಳಿಯೇ ಕೊಡಿ, ಹೊರಡುವ ಮುನ್ನ ಸೋಪಿನಿಂದ ಕೈ ತೊಳೆದುಕೊಳ್ಳಿ.