ತಪ್ಪಿದ ನಾಲ್ಕು ದಿನ: ಬೆಳಗಿನ ನಡಿಗೆ ನಿಲ್ಲಿಸಿದವರೊಬ್ಬರ ಪ್ರಕರಣ

(ವ್ಯಕ್ತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಏಪ್ರಿಲ್ ಎರಡನೆಯ ವಾರದಲ್ಲಿ ನನ್ನನ್ನು ಕಾಣಲು ಬಂದವರು ಮೈಸೂರಿನ 46 ವರ್ಷದ ಬ್ಯಾಂಕ್ ಅಧಿಕಾರಿ. ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಮಟ್ಟ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 6.1 ಬಂದಿದ್ದರಿಂದ, ಅಂದರೆ ಮಧುಮೇಹದ ಹೊಸ್ತಿಲಲ್ಲಿ ಇದ್ದುದರಿಂದ, ವೈದ್ಯರು ದಿನವೂ ನಡೆಯಲು ಹೇಳಿದ್ದರು. ಜನವರಿಯಲ್ಲಿ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ನಡೆಯಲು ಆರಂಭಿಸಿ, ಮೊಬೈಲಿನಲ್ಲಿ ದಿನಕ್ಕೆ 10,000 ಹೆಜ್ಜೆಗಳ ಗುರಿ ಇಟ್ಟುಕೊಂಡು, ಫೆಬ್ರುವರಿಯಲ್ಲಿ 26 ದಿನ ನಡೆದಿದ್ದರು. ಮಾರ್ಚ್ ಕೊನೆಯಲ್ಲಿ ಲೆಕ್ಕಪತ್ರದ ಕೆಲಸಕ್ಕಾಗಿ ರಾತ್ರಿ ಹತ್ತರವರೆಗೆ ಶಾಖೆಯಲ್ಲೇ ಉಳಿಯಬೇಕಾಗಿ ಬಂದು ಸತತ ನಾಲ್ಕು ದಿನ ತಪ್ಪಿತು. ಆಮೇಲೆ ಹೋಗಲೇ ಇಲ್ಲ. ಮೂರು ವರ್ಷಗಳಲ್ಲಿ ಹೀಗೆ ನಿಂತದ್ದು ಇದು ಮೂರನೆಯ ಸಲ. "ನನಗೆ ಛಲವೇ ಇಲ್ಲ ಮೇಡಂ" ಎಂಬುದು ಅವರ ಮೊದಲ ಮಾತು.

ಜೊತೆಗೆ ಬಂದಿದ್ದ ಅವರ ಪತ್ನಿ ಹೇಳಿದ ಒಂದು ಸಂಗತಿ ನನಗೆ ಮುಖ್ಯವಾಗಿ ಕಂಡಿತು. "ಇವರು ಬೆಳಿಗ್ಗೆ ಐದೂವರೆಗೆ ಎದ್ದು ಶೂ ಹಾಕಿಕೊಳ್ಳುತ್ತಾರೆ, ಆಮೇಲೆ ಬಿಚ್ಚಿಟ್ಟು ಪೇಪರ್ ಹಿಡಿದು ಕೂರುತ್ತಾರೆ" ಎಂದರು. ನಸುಕಿನಲ್ಲೇ ಎದ್ದು ಶೂ ಹಾಕಿಕೊಳ್ಳುವವರಿಗೆ ಮನಸ್ಸಿಲ್ಲ ಎಂದು ಹೇಳುವುದು ಹೇಗೆ? ನಿದ್ರೆ, ಹಸಿವು, ಕೆಲಸದಲ್ಲಿನ ಆಸಕ್ತಿ ಇವುಗಳನ್ನೆಲ್ಲ ವಿಚಾರಿಸಿದಾಗ ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. (ಇದ್ದಿದ್ದರೆ ಮುಂದೆ ಹೇಳುವ ಸಲಹೆಯಿಂದ ಆರಂಭಿಸದೆ, ಮೊದಲು ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ.) ಎರಡನೆಯ ಭೇಟಿಯಲ್ಲಿ, ಬಾಗಿಲ ಬಳಿ ಏನು ತಡೆಯುತ್ತದೆ ಎಂದು ಮತ್ತೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಕೆರೆ ಹತ್ತಿರ ಎಲ್ಲರೂ 'ಎಲ್ಲಿ ಸಾರ್, ಕಾಣಲೇ ಇಲ್ಲ' ಅಂತ ಕೇಳುತ್ತಾರೆ" ಎಂದರು.

ಹಿಂದಿನ ಎರಡು ಸಲವೂ ಹೀಗೆಯೇ ಆಗಿತ್ತು. ಒಮ್ಮೆ ತಂಗಿಯ ಮದುವೆ, ಇನ್ನೊಮ್ಮೆ ಜ್ವರ. ನಡಿಗೆ ತಪ್ಪಿದ ಕಾರಣ ಒಂದು ವಾರದಲ್ಲೇ ಮುಗಿದಿದ್ದರೂ, ತಪ್ಪಿತೆಂಬ ನಾಚಿಕೆ ಅವರನ್ನು ಒಮ್ಮೆ ಐದು ತಿಂಗಳು, ಇನ್ನೊಮ್ಮೆ ಏಳು ತಿಂಗಳು ಮನೆಯಲ್ಲೇ ಕೂರಿಸಿತ್ತು. ಆದ್ದರಿಂದ ಹುರುಪು ತುಂಬುವ ಮಾತುಗಳನ್ನು ನಾನು ಬೇಕೆಂದೇ ಆಡಲಿಲ್ಲ; ಮರಳುವ ದಾರಿಯನ್ನು ಸಿದ್ಧಪಡಿಸುವುದಕ್ಕೇ ನಮ್ಮ ಸಮಯವನ್ನು ಮೀಸಲಿಟ್ಟೆವು.

ಮೊದಲು ಗುರಿಯ ಭಾರ ಇಳಿಸಿದೆವು. 10,000 ಎಂಬ ಸಂಖ್ಯೆ ಜಪಾನಿನಲ್ಲಿ 1965ರ ಸುಮಾರಿಗೆ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಹರಡಿದ್ದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ. ವಾರದ ಲೆಕ್ಕ ಹಿಡಿದರೆ ಒಂದು ದಿನ ತಪ್ಪಿದ್ದನ್ನು ಇನ್ನೊಂದು ದಿನ ತುಂಬಿಕೊಳ್ಳಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿದಾಗ, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ, ಕೆಲವರಿಗೆ 18, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದೆಂದು ಕಂಡುಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ. ಇದನ್ನು ಕೇಳಿದಾಗ ಅವರ ಮುಖ ಸಡಿಲವಾದದ್ದು ನನಗೆ ಈಗಲೂ ನೆನಪಿದೆ.

ಅನಂತರ ಅವರ ಕೈಯಿಂದಲೇ ಒಂದು ವಾಕ್ಯ ಬರೆಸಿದೆ: "ಎರಡು ದಿನ ತಪ್ಪಿದರೆ, ಮೂರನೆಯ ದಿನ ರಾತ್ರಿ ಊಟ ಮಾಡಿ ಕೈ ತೊಳೆದ ಕೂಡಲೇ ನಮ್ಮ ಬೀದಿಯಲ್ಲಿ ಹತ್ತು ನಿಮಿಷ ನಡೆಯುತ್ತೇನೆ." 'ಹೀಗಾದರೆ ಹೀಗೆ ಮಾಡುತ್ತೇನೆ' ಎಂದು ಮೊದಲೇ ನಿಶ್ಚಯಿಸಿಕೊಳ್ಳುವ ಈ ಕ್ರಮವನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಬೀದಿಯ ನಡಿಗೆಯನ್ನು ಆರಿಸಲು ಕಾರಣ, ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಏರುವುದನ್ನೂ ತಗ್ಗಿಸುತ್ತದೆ. ಕೆರೆಯ ಗೆಳೆಯರಿಗೆ ಕೊಡಬೇಕಾದ ಉತ್ತರವನ್ನು ನನ್ನ ಕೋಣೆಯಲ್ಲೇ ನಾಲ್ಕೈದು ಸಲ ಗಟ್ಟಿಯಾಗಿ ಹೇಳಿಸಿದೆ: "ಮಾರ್ಚ್ ಕೆಲಸ ಇತ್ತು, ಈಗ ಬಂದೆ." ಪತ್ನಿಗೆ "ಇವತ್ತೂ ಹೋಗಲಿಲ್ಲವಾ" ಎಂದು ಕೇಳದಿರಲು, ಆದರೆ ರಾತ್ರಿ ಜೊತೆಯಲ್ಲಿ ನಡೆಯಲು ಸೂಚಿಸಿದೆ.

ಜೂನ್‌ನಲ್ಲಿ ಮಾವನವರು ಆಸ್ಪತ್ರೆಗೆ ಸೇರಿದ್ದರಿಂದ ಒಂಬತ್ತು ದಿನ ತಪ್ಪಿ, ಹತ್ತನೆಯ ರಾತ್ರಿ ಗಂಡಹೆಂಡತಿ ಇಬ್ಬರೂ ಬೀದಿಯಲ್ಲಿ ನಡೆದರು. ಮುಂದಿನ ಭಾನುವಾರ ಅವರು ಕೆರೆಗೂ ಹೋದರು. ಹಿಂದೆ ತಿಂಗಳುಗಟ್ಟಲೆ ಇದ್ದ ಅಂತರ ಒಂಬತ್ತು ದಿನಕ್ಕೆ ಇಳಿದದ್ದನ್ನೇ, ತೂಕಕ್ಕಿಂತ ಹೆಚ್ಚಾಗಿ, ನಾನು ಪ್ರಗತಿಯ ಅಳತೆಯಾಗಿ ದಾಖಲಿಸಿಕೊಂಡಿದ್ದೇನೆ. ಈಗ ವಾರಕ್ಕೆ ನಾಲ್ಕು ದಿನ ನಡೆಯುತ್ತಿದ್ದಾರೆ. ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ವಾರಕ್ಕೆ ಎರಡು ದಿನ ಸೇರಿಸಿಕೊಳ್ಳಲು ವೈದ್ಯರು ಹೇಳಿದ್ದಾರೆ. ಮಂಡಿ ನೋವಿನ ಭಯ ಅವರನ್ನು ಹಿಂದೆಳೆಯುತ್ತಿದೆ. ಮುಂದಿನ ಭೇಟಿಯನ್ನು ಅದಕ್ಕಾಗಿ ಇಟ್ಟುಕೊಂಡಿದ್ದೇವೆ.