ಮೊದಲು ಇಳಿ, ಆಮೇಲೆ ಹತ್ತು: ನೊಂಗ್ರಿಯಾಟ್ ಮೆಟ್ಟಿಲುಗಳು

ನೀವು ಕೇಳಿದ್ದು ಇಷ್ಟು: ಗೆಳೆಯರ ಜೊತೆ ಬ್ಯಾಗು ಹೊತ್ತು ಸುತ್ತುವಾಗ, ಸುಲಭ ಅಂತ ಹೊರಟು ಕೊನೆಗೆ ಬೆವರಿಳಿಸಿದ ಕಾಡಿನ ಚಾರಣ ಯಾವುದು? ಹೊಸಬರು ಅಲ್ಲಿಗೆ ಹೋಗಬಹುದಾ? ನನ್ನ ಉತ್ತರ ಮೇಘಾಲಯದ ನೊಂಗ್ರಿಯಾಟ್. ಜೀವಂತ ಮರದ ಬೇರುಗಳಿಂದಲೇ ಬೆಳೆಸಿದ ಎರಡು ಅಂತಸ್ತಿನ ಬೇರು ಸೇತುವೆ ಇರುವ ಊರು. ಫೋಟೊ ನೀವೂ ನೋಡಿರುತ್ತೀರಿ. ಆ ಫೋಟೊಗಳಲ್ಲಿ ಮೆಟ್ಟಿಲು ಮಾತ್ರ ಕಾಣಿಸುವುದಿಲ್ಲ.

ನಮ್ಮ ಗುಂಪಿಗೆ ನಡಿಗೆ ಹೊಸದೇನಲ್ಲ. ಕುಮಾರ ಪರ್ವತ, ಕೊಡಚಾದ್ರಿ ಎಲ್ಲ ಹತ್ತಿದವರೇ. ತಿರ್ನಾ ಎಂಬ ಹಳ್ಳಿಯಿಂದ ನೊಂಗ್ರಿಯಾಟ್‌ಗೆ ಸುಮಾರು 3,500 ಮೆಟ್ಟಿಲು ಎಂದು ಓದಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೆಟ್ಟಿಲು ಅಂದ ಮೇಲೆ ದಾರಿ ತಪ್ಪುವ ಭಯ ಇಲ್ಲ, ಪೊದೆ ಸರಿಸುವ ಕೆಲಸ ಇಲ್ಲ. ಚಾಮುಂಡಿ ಬೆಟ್ಟದ್ದು ಸಾವಿರ ಮೆಟ್ಟಿಲು, ಇದು ಅದರ ಮೂರೂವರೆ ಪಟ್ಟು, ಅದೂ ಇಳಿಯೋದು ತಾನೇ? ಲೆಕ್ಕ ಅಲ್ಲಿಗೆ ಮುಗಿಯಿತು.

ನವೆಂಬರ್ ಕೊನೆ. ಗುವಾಹಟಿಯಿಂದ ಶಿಲ್ಲಾಂಗ್, ಅಲ್ಲಿಂದ ಸುಮೋದಲ್ಲಿ ಸೊಹ್ರಾ. ನಾವೆಲ್ಲ ಶಾಲೆಯಲ್ಲಿ ಚಿರಾಪುಂಜಿ ಅಂತ ಬಾಯಿಪಾಠ ಮಾಡಿದ ಊರು ಇದೇ. 1860ರ ಆಗಸ್ಟ್‌ನಿಂದ ಮುಂದಿನ ಜುಲೈವರೆಗೆ ಇಲ್ಲಿ 26,461 ಮಿಲಿಮೀಟರ್ ಮಳೆ ಸುರಿದಿತ್ತು. ಹನ್ನೆರಡು ತಿಂಗಳ ಮಳೆಯಲ್ಲಿ ಅದು ಈಗಲೂ ವಿಶ್ವದಾಖಲೆ. ನಾವು ಹೋದಾಗ ಒಂದು ಹನಿಯೂ ಇಲ್ಲ. ಚಳಿಗಾಲದಲ್ಲಿ ಅಲ್ಲಿನ ಜನ ಕುಡಿಯುವ ನೀರಿಗೆ ಪರದಾಡುತ್ತಾರೆ ಅಂದರೆ ನಂಬಬೇಕು ನೀವು.

ಶೇರ್ ಸುಮೋ ತುಂಬುವವರೆಗೆ ಹೊರಡುವುದಿಲ್ಲ. ನಾವು ತಿರ್ನಾ ತಲುಪುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಬೆಂಗಳೂರಿನ ಲೆಕ್ಕದಲ್ಲಿ ಇನ್ನೂ ನಾಲ್ಕು ತಾಸು ಬೆಳಕು. ಆದರೆ ಇಡೀ ದೇಶಕ್ಕೆ ಒಂದೇ ಗಡಿಯಾರ ಅಲ್ವಾ? ಆ ಕಡೆ ನವೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕಣಿವೆಯೊಳಗೆ ಇನ್ನೂ ಬೇಗ ಕತ್ತಲು.

ಮೊದಲ ಅರ್ಧ ಗಂಟೆ ಹಾಡು, ತಮಾಷೆ. ಸುತ್ತ ಅಡಿಕೆ ಮರ, ಅದಕ್ಕೆ ಹಬ್ಬಿದ ವೀಳ್ಯದೆಲೆ, ಹಲಸು. ತೀರ್ಥಹಳ್ಳಿ ಕಡೆಯ ಗೆಳೆಯನಂತೂ ಸ್ವಂತ ತೋಟಕ್ಕೆ ಬಂದವನ ಹಾಗೆ ಒಂದೊಂದು ಮರದ ವಯಸ್ಸು ಹೇಳುತ್ತಿದ್ದ. ಮೆಟ್ಟಿಲುಗಳು ಸಿಮೆಂಟಿನವು. ಗಿಡ್ಡ ಕಾಲಿನವನಿಗೊಂದು, ಉದ್ದ ಕಾಲಿನವನಿಗೊಂದು ಎಂದು ಕಟ್ಟಿದ ಹಾಗೆ ಒಂದರ ಎತ್ತರ ಇನ್ನೊಂದಕ್ಕಿಲ್ಲ. ಕೆಲವು ಕಡೆ ಎಷ್ಟು ಕಡಿದು ಅಂದರೆ ಪಾದ ಅಡ್ಡ ಇಟ್ಟೇ ಇಳಿಯಬೇಕು. ಬೆನ್ನಿನ ಮೇಲೆ ಇಡೀ ಪ್ರವಾಸದ ಬಟ್ಟೆ ತುಂಬಿದ ದೊಡ್ಡ ಬ್ಯಾಗು.

ಒಂದು ತಿರುವಿನಲ್ಲಿ ನಿಂತಾಗ ತೊಡೆ ನಡುಗುತ್ತಿರುವುದು ಗೊತ್ತಾಯಿತು. ನಡೆಯುವಾಗ ಏನೂ ಇಲ್ಲ, ನಿಂತರೆ ಗಡಗಡ. ಇಳಿಯುವಾಗ ಆಗುವುದೇ ಹೀಗೆ. ತೊಡೆಯ ಮಾಂಸಖಂಡ ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಏದುಸಿರು ಬರುವುದಿಲ್ಲ, ಹಾಗಾಗಿ ದೇಹ ಎಚ್ಚರಿಸುವುದೂ ಇಲ್ಲ. ನೋವು ಒಂದೆರಡು ದಿನ ಬಿಟ್ಟು ಜೋರಾಗುತ್ತದೆ. ಕುಮಾರ ಪರ್ವತದಲ್ಲಿ ಸುಸ್ತಾದರೆ ದಾರಿ ಮಧ್ಯದ ಭಟ್ಟರ ಮನೆಯಲ್ಲಿ ಅನ್ನ ಸಾಂಬಾರ್ ತಿಂದು, ಮೇಲೆ ಹೋಗುವುದು ಬೇಡ ಅಂತ ವಾಪಸ್ ಇಳಿಯಬಹುದು. ಇಲ್ಲಿ ಅರ್ಧಕ್ಕೆ ಬಿಟ್ಟರೂ ವಾಪಸ್ ದಾರಿ ಹತ್ತುವುದೇ. ಕೆಳಕ್ಕೆ ಇಟ್ಟ ಪ್ರತಿ ಹೆಜ್ಜೆಯೂ ಸಾಲ.

ಆಮೇಲೆ ತಂತಿ ಸೇತುವೆಗಳು. ಉಕ್ಕಿನ ತಂತಿ, ಕಾಲಿಗೆ ಇಕ್ಕಟ್ಟಾದ ಜಾಗ, ಕೆಳಗೆ ಮನೆಯಷ್ಟು ದೊಡ್ಡ ಬಂಡೆಗಳು, ಅದರ ನಡುವೆ ನೀಲಿ ನೀರು. ಒಬ್ಬರು ಕಾಲಿಟ್ಟರೆ ಇಡೀ ಸೇತುವೆ ತೂಗುತ್ತದೆ. ಎದುರಿನಿಂದ ಬೆನ್ನಿಗೆ ಮೂಟೆ ಕಟ್ಟಿಕೊಂಡ ಊರಿನವರೊಬ್ಬರು ಚಪ್ಪಲಿಯಲ್ಲೇ ಸರಸರ ದಾಟಿ ಬಂದರು. ಅಲ್ಲಿಗೆ ರಸ್ತೆ ಇಲ್ಲ. ಅಕ್ಕಿ, ಗ್ಯಾಸ್ ಸಿಲಿಂಡರ್, ನಾವು ಕುಡಿಯುವ ತಂಪು ಪಾನೀಯ, ಎಲ್ಲವೂ ಹೆಗಲ ಮೇಲೇ ಬರಬೇಕು. ಕೆಳಗೆ ಬಾಟಲಿಗೆ ಜಾಸ್ತಿ ದುಡ್ಡು ಕೇಳುತ್ತಾರೆ ಅಂತ ಗೊಣಗುವವರನ್ನು ಒಮ್ಮೆ ಆ ಮೂಟೆ ಹೊರಿಸಿ ನಡೆಸಬೇಕು.

ಕೊನೆಯ ಭಾಗ ಮೊಬೈಲ್ ಟಾರ್ಚಿನಲ್ಲಿ. ಊರು ಸಿಕ್ಕಿದ ಮೇಲೆ ಹೋಮ್‌ಸ್ಟೇಯ ಅಕ್ಕ ಅನ್ನ, ಬೇಳೆ, ಆಲೂ ಪಲ್ಯ ಬಡಿಸಿದರು. ಯಾರೂ ಮಾತಾಡಲಿಲ್ಲ, ಸುಮ್ನೆ ತಿಂದು ಮಲಗಿದೆವು.

ಬೆಳಿಗ್ಗೆ ಸೇತುವೆ ನೋಡಿದಾಗ ಬಂದದ್ದು ಸಾರ್ಥಕ ಅನ್ನಿಸಿತು ನಿಜ. ನಮ್ಮ ಮನೆಗಳ ಕುಂಡದಲ್ಲಿ ಬೆಳೆಸುವ ರಬ್ಬರ್ ಪ್ಲಾಂಟ್ ಇದೆಯಲ್ಲ, ಆ ಮರದ್ದೇ ಬೇರುಗಳು. ಟೊಳ್ಳು ಮಾಡಿದ ಅಡಿಕೆ ದಬ್ಬೆಯೊಳಗೆ ಅಥವಾ ಬಿದಿರಿನ ಮೇಲೆ ಎಳೆ ಬೇರನ್ನು ಹಾಯಿಸಿ, ಹಳ್ಳದ ಆಚೆ ದಡಕ್ಕೆ ಮುಟ್ಟಿಸಿ, ಅಲ್ಲಿ ಮಣ್ಣು ಹಿಡಿಯಲು ಬಿಡುತ್ತಾರೆ. ಜನ ಓಡಾಡುವಷ್ಟು ಗಟ್ಟಿಯಾಗಲು ಹತ್ತಾರು ವರ್ಷ ಬೇಕು. ನೆಟ್ಟವರು ದಾಟುತ್ತಾರೆ ಅನ್ನುವ ಖಾತ್ರಿ ಇಲ್ಲ. ಮಳೆಗಾಲದ ನೀರು ಕೆಳಗಿನದನ್ನು ಮುಟ್ಟಿದ್ದಕ್ಕೆ ಮೇಲೊಂದು ಬೆಳೆಸಿದರು ಎಂದು ಊರವರು ಹೇಳುತ್ತಾರೆ. 2022ರಲ್ಲಿ ಈ ಬೇರು ಸೇತುವೆಗಳು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿವೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇನ್ನೂ ಒಂದು ಒಂದೂವರೆ ಗಂಟೆ ಒಳಗೆ ರೇನ್‌ಬೋ ಫಾಲ್ಸ್ ಇದೆ. ಅಲ್ಲಿಗೆ ಹೋಗುವ ದಾರಿಯೇ ಅಸಲಿ ಕಾಡು: ಬೇರು, ಪಾಚಿ ಕಟ್ಟಿದ ಕಲ್ಲು, ಮತ್ತೆ ತೂಗುವ ಸೇತುವೆ. ತೊಡೆ ಕಲ್ಲಾಗಿತ್ತು. ಒಬ್ಬ ಗೆಳತಿ ಪ್ರತಿ ಬಂಡೆಯನ್ನೂ ಕೂತೇ ಇಳಿದಳು, ನಾವೂ ನಾಚಿಕೆ ಬಿಟ್ಟು ಹಾಗೇ ಮಾಡಿದೆವು. ಜಲಪಾತದ ಕೆಳಗಿನ ನೀಲಿ ಗುಂಡಿ ಚೆನ್ನಾಗಿದೆ. ಚೆನ್ನಾಗಿದೆ ಅಷ್ಟೇ. ಸಮಯ ಕಡಿಮೆ ಇದ್ದರೆ ಬಿಡಿ, ನಷ್ಟವಿಲ್ಲ.

ಮಾರನೇ ದಿನ ಹತ್ತುವುದು. ದಾರಿಯಲ್ಲಿ ಒಬ್ಬ ಅಜ್ಜಿ ಕ್ವಾಯ್ ಕೊಟ್ಟರು. ಅಡಿಕೆ, ಎಲೆ, ಸುಣ್ಣ. ನಮ್ಮ ತೀರ್ಥಹಳ್ಳಿಯವನು ‘ನನಗಿದು ಯಾವ ಲೆಕ್ಕ’ ಅಂತ ಬಾಯಿಗೆ ಹಾಕಿಕೊಂಡ. ನಮ್ಮಲ್ಲಿಯ ಹಾಗೆ ಬೇಯಿಸಿ ಒಣಗಿಸಿದ ಅಡಿಕೆಯಲ್ಲ ಅದು, ಹಸಿಯದ್ದು. ಎರಡು ನಿಮಿಷಕ್ಕೆ ಕಿವಿ ಕೆಂಪಾಗಿ, ಮೈಯೆಲ್ಲ ಬೆವರಿ ಮೆಟ್ಟಿಲ ಮೇಲೇ ಕೂತ. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಹಿಂದೆ ಇಲ್ಲಿನ ಖಾಸಿ ಜನರ ಹಳ್ಳಿಗಳಲ್ಲಿ ದಾರಿಯ ದೂರವನ್ನು ಎಷ್ಟು ಕ್ವಾಯ್ ಜಗಿಯುತ್ತೇವೆ ಅನ್ನುವುದರ ಮೇಲೆ ಹೇಳುತ್ತಿದ್ದರಂತೆ. ಅವನ ಲೆಕ್ಕದಲ್ಲಿ ದೂರ ಶುರುವಾದಲ್ಲೇ ಮುಗಿದಿತ್ತು.

ಕಣಿವೆಯಲ್ಲಿ ಗಾಳಿ ಆಡುವುದಿಲ್ಲ, ನವೆಂಬರ್‌ನಲ್ಲೂ ಸೆಕೆ. ಐವತ್ತು ಮೆಟ್ಟಿಲು ಹತ್ತುವುದು, ನಿಲ್ಲುವುದು, ಒಬ್ಬರ ಬ್ಯಾಗು ಇನ್ನೊಬ್ಬರು ಹೊರುವುದು. ಮೇಲೆ ತಲುಪಿದಾಗ ಒಬ್ಬರಿಗೂ ಫೋಟೊ ಬೇಕಿರಲಿಲ್ಲ.

ಹೊಸಬರು ಹೋಗಬಹುದಾ ಅಂದಿರಲ್ಲ. ಹೋಗಬಹುದು. ದೊಡ್ಡ ಬ್ಯಾಗು ಮಾತ್ರ ಸೊಹ್ರಾದ ರೂಮಿನಲ್ಲೇ ಬಿಡಿ, ಒಂದು ಜೊತೆ ಬಟ್ಟೆ, ನೀರು, ಟಾರ್ಚು ಸಾಕು. ತಿರ್ನಾದಲ್ಲಿ ಬಿದಿರಿನ ಕೋಲು ಸಿಗುತ್ತದೆ, ಬೇಡ ಅನ್ನಬೇಡಿ, ಇಳಿಯುವಾಗ ಸ್ವಲ್ಪ ಭಾರ ಅದೇ ಹೊರುತ್ತದೆ. ಇಳಿಯಲು ಬೆಳಿಗ್ಗೆಯೇ ಹೊರಡಿ. ರಾತ್ರಿ ಕೆಳಗೇ ಉಳಿಯಿರಿ, ಒಂದೇ ದಿನದಲ್ಲಿ ಹೋಗಿ ಬರುವ ಸಾಹಸ ಬೇಡ. ಹತ್ತುವ ದಿನ ಬೆಳಕು ಹರಿಯುವಾಗಲೇ ಶುರು ಮಾಡಿ. ಮಳೆಗಾಲದಲ್ಲಿ ಆ ಮೆಟ್ಟಿಲುಗಳ ಮೇಲೆ ಜಾರಿಕೆ ಜಾಸ್ತಿ, ನಾನಾದರೆ ಹೋಗುವುದಿಲ್ಲ.

ಗುಂಪಿನಲ್ಲಿ ಯಾರಿಗಾದರೂ ಮಂಡಿ ನೋವಿದ್ದರೆ, ಅಥವಾ ಅಪ್ಪ ಅಮ್ಮ ಜೊತೆಗಿದ್ದರೆ, ನೊಂಗ್ರಿಯಾಟ್ ಬದಲು ಮೇಘಾಲಯದ್ದೇ ಮಾವ್ಲಿನ್ನಾಂಗ್ ಹಳ್ಳಿ ಹತ್ತಿರದ ರಿವಾಯ್‌ಗೆ ಹೋಗಿ. ಅಲ್ಲಿಯದು ಒಂದೇ ಅಂತಸ್ತಿನ ಬೇರು ಸೇತುವೆ, ಆದರೆ ರಸ್ತೆಯಿಂದ ಸ್ವಲ್ಪವೇ ಇಳಿದರೆ ಸಿಗುತ್ತದೆ.