ಕಂಪ್ಯೂಟರ್ ಪ್ರಶ್ನೋತ್ತರ: ಮಿತಿ ಹಾಕಿದ್ದರೂ ಸರ್ವರ್ ಏಕೆ ನಿಂತಿತು?

ಪ್ರಶ್ನೆ: ರಾಯಚೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬಿನ ಹೊಣೆ ನನ್ನದು. ವಿದ್ಯಾರ್ಥಿಗಳೆಲ್ಲ ಒಂದೇ ಲಿನಕ್ಸ್ ಸರ್ವರ್‌ಗೆ, ಎಲ್ಲರಿಗೂ ಸೇರಿ ಕೊಟ್ಟಿರುವ ಒಂದೇ ಲಾಗಿನ್ ಹೆಸರಿನಿಂದ ಪ್ರವೇಶಿಸಿ ಸಿ ಪ್ರೋಗ್ರಾಂಗಳನ್ನು ಓಡಿಸುತ್ತಾರೆ. ಒಬ್ಬರ ತಪ್ಪಿನಿಂದ ಉಳಿದವರ ಕೆಲಸ ನಿಲ್ಲಬಾರದೆಂದು ಯುಲಿಮಿಟ್ ಆಜ್ಞೆಯ ಮೂಲಕ ಮೆಮೊರಿಗೆ 512 ಎಂಬಿ, ಸಿಪಿಯು ಸಮಯಕ್ಕೆ 60 ಸೆಕೆಂಡು ಎಂದು ಮಿತಿ ಹಾಕಿದ್ದೆ. ಆದರೂ ಒಬ್ಬ ವಿದ್ಯಾರ್ಥಿಯ ಪ್ರೋಗ್ರಾಂ ಫೋರ್ಕ್ ಮಾಡಿ, ಅಂದರೆ ತನ್ನದೇ ಪ್ರತಿಗಳನ್ನು ಮಾಡಿಕೊಂಡು, 20 ಚೈಲ್ಡ್ ಪ್ರೊಸೆಸ್‌ಗಳನ್ನು ಹುಟ್ಟಿಸಿದಾಗ 8 ಜಿಬಿ ಮೆಮೊರಿಯ ಸರ್ವರ್ ಅಲುಗಾಡದಂತೆ ನಿಂತುಬಿಟ್ಟಿತು. ಆಮೇಲೆ ಆತನ ಪ್ರೋಗ್ರಾಂ ತೋರಿಸಿದ ಬಳಕೆಯ ಲೆಕ್ಕ 420 ಎಂಬಿಯನ್ನೂ ದಾಟಿರಲಿಲ್ಲ. ಮಿತಿ ಕೆಲಸ ಮಾಡಲಿಲ್ಲವೇ, ಅಥವಾ ಲೆಕ್ಕವೇ ಸುಳ್ಳೇ?

ಉತ್ತರ: ಮಿತಿಯೂ ಕೆಲಸ ಮಾಡಿದೆ, ಲೆಕ್ಕವೂ ಸರಿಯಾಗಿದೆ. ಆದರೆ ಇವೆರಡೂ ಒಂದೊಂದು ಪ್ರೊಸೆಸ್‌ನ, ಅಂದರೆ ಓಡುತ್ತಿರುವ ಒಂದೊಂದು ಪ್ರೋಗ್ರಾಂನ, ಹೆಸರಿನಲ್ಲಿದ್ದವು. ಸರ್ವರ್ ಮೇಲೆ ಬಿದ್ದದ್ದು ಇಡೀ ಗುಂಪಿನ ಭಾರ. ಯುಲಿಮಿಟ್ ಬಳಸುವ ಸೆಟ್‌ಆರ್‌ಲಿಮಿಟ್ ಮತ್ತು ಬಳಕೆಯನ್ನು ತಿಳಿಸುವ ಗೆಟ್‌ಆರ್‌ಯೂಸೇಜ್ ಎಂಬ ಸಿಸ್ಟಮ್ ಕಾಲ್‌ಗಳು (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಪ್ರೋಗ್ರಾಂಗಳು ಕೊಡುವ ಕರೆಗಳು) 1983ರ 4.2 ಬಿಎಸ್‌ಡಿ ಯುನಿಕ್ಸ್ ಕಾಲದವು. ಟರ್ಮಿನಲ್ ಮುಂದೆ ಕುಳಿತವರ ಒಂದು ಪ್ರೋಗ್ರಾಂ ಹದ್ದು ಮೀರಿದರೆ ಅದನ್ನು ತಡೆಯುವುದಕ್ಕೆ ಅವು ಸಾಕು. ಫೋರ್ಕ್ ಆದಾಗ ಚೈಲ್ಡ್ ಪ್ರೊಸೆಸ್‌ಗೆ ಮಿತಿಯ ಅಂಕಿ ಹಾಗೆಯೇ ದಾಟಿ ಹೋಗುತ್ತದೆ, ಅದುವರೆಗೆ ಖರ್ಚಾದ ಸಿಪಿಯು ಸಮಯ ಮಾತ್ರ ದಾಟುವುದಿಲ್ಲ. ಪ್ರತಿಯೊಂದು ಚೈಲ್ಡ್‌ನ ಲೆಕ್ಕವೂ ಸೊನ್ನೆಯಿಂದ ಶುರುವಾಗುತ್ತದೆ. ಹೀಗಾಗಿ ತಾವು ಕೊಟ್ಟ 60 ಸೆಕೆಂಡು 20 ಪ್ರೊಸೆಸ್‌ಗಳ ಕೈಯಲ್ಲಿ 1200 ಸೆಕೆಂಡು ಆಯಿತು, 512 ಎಂಬಿ ಎಂಬುದು 10 ಜಿಬಿ ಆಯಿತು.

ಫೋರ್ಕ್ ಆದ ಕೂಡಲೇ ಇಷ್ಟು ಮೆಮೊರಿ ಖರ್ಚಾಗುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ತಾಯಿ ಪ್ರೊಸೆಸ್‌ನ ಪುಟಗಳನ್ನೇ, ಅಂದರೆ ಮೆಮೊರಿಯ ತುಂಡುಗಳನ್ನೇ, ಚೈಲ್ಡ್‌ಗಳು ಹಂಚಿಕೊಂಡಿರುತ್ತವೆ, ಯಾವುದಾದರೂ ಒಂದು ಆ ಪುಟದಲ್ಲಿ ಬರೆದಾಗ ಮಾತ್ರ ಕರ್ನಲ್ ಅದರ ಪ್ರತಿ ಮಾಡಿ ಕೊಡುತ್ತದೆ. ಪ್ರತಿಯೊಂದು ಚೈಲ್ಡ್ ಕೂಡ ಸುಮಾರು 400 ಎಂಬಿಯ ಅರೇಯನ್ನು ತಾನೇ ತುಂಬತೊಡಗಿದ್ದರಿಂದ, ಮೊದಲ ಕೆಲವು ಕ್ಷಣ ಎಲ್ಲವೂ ಸರಿಯಿದ್ದಂತೆ ಕಂಡು, ಅನಂತರ ಒಮ್ಮೆಲೇ ಮೆಮೊರಿ ಬರಿದಾಗಿ, ಡಿಸ್ಕಿನ ಸ್ವಾಪ್ ಜಾಗಕ್ಕೆ ಪುಟಗಳನ್ನು ಸಾಗಿಸುವುದರಲ್ಲೇ ಸರ್ವರ್ ಮುಳುಗಿಹೋಗಿರಬೇಕು.

ಬಳಕೆಯ ಲೆಕ್ಕದ ವಿಷಯ ಇನ್ನೂ ಸೂಕ್ಷ್ಮವಾದುದು. ಗೆಟ್‌ಆರ್‌ಯೂಸೇಜ್‌ಗೆ ಚೈಲ್ಡ್‌ಗಳ ಲೆಕ್ಕ ಕೊಡು ಎಂದು ಕೇಳಿದರೆ, ಮುಗಿದುಹೋದ ಮತ್ತು ತಾಯಿ ಪ್ರೊಸೆಸ್ ವೇಯ್ಟ್ ಮಾಡಿ ವಿಚಾರಿಸಿಕೊಂಡ ಚೈಲ್ಡ್‌ಗಳನ್ನು ಮಾತ್ರ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇನ್ನೂ ಓಡುತ್ತಿರುವವು ಅದರಲ್ಲಿ ಇರುವುದೇ ಇಲ್ಲ. ಸಿಪಿಯು ಸಮಯವನ್ನಾದರೂ ಅದು ಕೂಡಿಸಿ ಹೇಳುತ್ತದೆ, ಗರಿಷ್ಠ ಮೆಮೊರಿಯನ್ನು ಕೂಡಿಸುವುದಿಲ್ಲ: ಎಲ್ಲಕ್ಕಿಂತ ಹೆಚ್ಚು ಮೆಮೊರಿ ಬಳಸಿದ ಒಂದೇ ಚೈಲ್ಡ್‌ನ ಅಂಕಿಯನ್ನು ಕೊಡುತ್ತದೆ. ತಮ್ಮ ವಿದ್ಯಾರ್ಥಿ ಕಂಡ 420 ಎಂಬಿ ಅದೇ. ಅಂದಹಾಗೆ, ಈ ಅಂಕಿ ಲಿನಕ್ಸ್‌ನಲ್ಲಿ ಕಿಲೋಬೈಟ್‌ಗಳಲ್ಲಿ, ಮ್ಯಾಕ್‌ಓಎಸ್‌ನಲ್ಲಿ ಬೈಟ್‌ಗಳಲ್ಲಿ ಬರುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ ಬಂದ ವಿದ್ಯಾರ್ಥಿಗಳು ಸಾವಿರ ಪಟ್ಟು ವ್ಯತ್ಯಾಸ ಕಂಡು ಗಾಬರಿಯಾಗುವುದು ಇದರಿಂದಲೇ.

ಪ್ರೊಸೆಸ್‌ಗಳ ಸಂಖ್ಯೆಗೂ ಯುಲಿಮಿಟ್‌ನಲ್ಲಿ ಮಿತಿಯಿದೆ, ಅದು ಪ್ರೊಸೆಸ್‌ನ ಹೆಸರಿನಲ್ಲಿಲ್ಲದೆ ಬಳಕೆದಾರರ ಹೆಸರಿನಲ್ಲಿ ಎಣಿಕೆಯಾಗುತ್ತದೆ. ಅದನ್ನು ಹಾಕಿ ಎಂದು ಹೇಳಿಬಿಡಬಹುದಿತ್ತು. ಆದರೆ ತಮ್ಮಲ್ಲಿ ಎಲ್ಲರಿಗೂ ಒಂದೇ ಲಾಗಿನ್ ಇರುವುದರಿಂದ ಒಬ್ಬ ವಿದ್ಯಾರ್ಥಿ ಆ ಸಂಖ್ಯೆಯನ್ನು ತುಂಬಿಸಿದರೆ ಲ್ಯಾಬಿನಲ್ಲಿ ಇನ್ಯಾರಿಗೂ ಒಂದು ಎಲ್‌ಎಸ್ ಆಜ್ಞೆಯನ್ನೂ ಓಡಿಸಲಾಗದು. ನಿಜವಾಗಿ ಹೇಳುವುದಾದರೆ, ತಮ್ಮ ಲ್ಯಾಬಿನ ದೊಡ್ಡ ತೊಡಕು ಈ ಹಂಚಿಕೆಯ ಲಾಗಿನ್. ಮೊದಲು ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಡಿಸಿ.

ಅನಂತರ ಗುಂಪಿಗೆ ಮಿತಿ ಹಾಕುವ ಸಿಗ್ರೂಪ್ ಎಂಬ ಸೌಲಭ್ಯವನ್ನು ಬಳಸಿ. ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಆರಂಭಿಸಿದ ಈ ಕೆಲಸ 2008ರಲ್ಲಿ ಲಿನಕ್ಸ್ 2.6.24ರೊಂದಿಗೆ ಕರ್ನಲ್‌ಗೆ ಸೇರಿತು. ಈಗ ಬಳಕೆಯಲ್ಲಿರುವ ಎರಡನೆಯ ಆವೃತ್ತಿ 2016ರ 4.5ರಲ್ಲಿ ಅಧಿಕೃತವಾಯಿತು. ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ: ಒಂದೊಂದು ತೂಬಿಗೂ ಇಷ್ಟೇ ನೀರು ಎಂದು ಗೊತ್ತುಮಾಡಿ, ಮೇಲ್ಭಾಗದವರು ಎಷ್ಟು ತೂಬುಗಳನ್ನಾದರೂ ಇಟ್ಟುಕೊಳ್ಳಬಹುದು ಎಂದರೆ ಕೆಳಗೆ ನೀರು ತಲುಪುವುದಿಲ್ಲ, ಅಳತೆ ಉಪಕಾಲುವೆಯ ಬಾಯಲ್ಲೇ ಇರಬೇಕು. ಸರ್ವೀಸ್‌ಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಇರುವ ಲಿನಕ್ಸ್‌ಗಳಲ್ಲಿ ಲಾಗಿನ್ ಆದ ಪ್ರತಿಯೊಬ್ಬ ಬಳಕೆದಾರರಿಗೂ ಯೂಸರ್ ಸ್ಲೈಸ್ ಎಂಬ ಗುಂಪು ತಾನಾಗಿಯೇ ಸಿದ್ಧವಾಗುತ್ತದೆ. ಅದರಲ್ಲಿ ಮೆಮೊರಿಮ್ಯಾಕ್ಸ್ ಮತ್ತು ಟಾಸ್ಕ್ಸ್‌ಮ್ಯಾಕ್ಸ್ ಎಂಬ ಎರಡು ಸಾಲುಗಳನ್ನು ಬರೆದರೆ, ಆ ವಿದ್ಯಾರ್ಥಿ ಎಷ್ಟೇ ಬಾರಿ ಫೋರ್ಕ್ ಮಾಡಿದರೂ ಎಲ್ಲ ಚೈಲ್ಡ್‌ಗಳೂ ಸೇರಿ ಅಷ್ಟರೊಳಗೇ ಇರಬೇಕಾಗುತ್ತದೆ. ಬಳಕೆಯ ಲೆಕ್ಕವೂ ಗುಂಪಿನ ಹೆಸರಿನಲ್ಲೇ, ಇನ್ನೂ ಓಡುತ್ತಿರುವ ಪ್ರೊಸೆಸ್‌ಗಳನ್ನು ಸೇರಿಸಿಯೇ ಸಿಗುತ್ತದೆ.

ಹಾಗೆಂದು ಯುಲಿಮಿಟ್ ಅನ್ನು ಕೈಬಿಡಬೇಕಿಲ್ಲ. ಕೊನೆಯಿಲ್ಲದ ಲೂಪಿನಲ್ಲಿ ಸಿಕ್ಕಿದ ಒಂಟಿ ಪ್ರೋಗ್ರಾಂಗೆ ಸಿಪಿಯು ಮಿತಿ ಈಗಲೂ ಒಳ್ಳೆಯ ಮದ್ದು. ಅದು ಅಳೆಯುವುದು ಗಡಿಯಾರದ ಸಮಯವನ್ನಲ್ಲ, ಆದ್ದರಿಂದ ಇನ್‌ಪುಟ್‌ಗಾಗಿ ಸುಮ್ಮನೆ ಕಾಯುತ್ತಿರುವ ಪ್ರೋಗ್ರಾಂ ಇಡೀ ದಿನ ಕುಳಿತಿದ್ದರೂ 60 ಸೆಕೆಂಡು ತುಂಬುವುದಿಲ್ಲ. ಮೆಮೊರಿ ಮಿತಿಯನ್ನು ಮಾತ್ರ ತೆಗೆದುಹಾಕುವುದು ಲೇಸು. ಅದು ನಿಜವಾಗಿ ಬಳಸಿದ ಮೆಮೊರಿಯ ಬದಲು ಕಾದಿರಿಸಿದ ವಿಳಾಸಗಳನ್ನು ಎಣಿಸುವುದರಿಂದ, ಹೆಚ್ಚು ವಿಳಾಸಗಳನ್ನು ಮೊದಲೇ ಕಾದಿರಿಸುವ ಜಾವಾದಂಥ ಭಾಷೆಯ ಪ್ರೋಗ್ರಾಂಗಳು ಯಾವ ತಪ್ಪೂ ಮಾಡದೆ ಸೋಲುತ್ತವೆ.

ಪ್ರಶ್ನೆ: ನಮ್ಮದು ಗಂಗಾವತಿಯ ಅಕ್ಕಿ ಗಿರಣಿ. ಲಾರಿಗಳ ತೂಕದ ಚೀಟಿ ಮತ್ತು ಬಿಲ್ಲಿನ ತಂತ್ರಾಂಶ ಸುಗ್ಗಿಯಲ್ಲಿ ಕೆಲವು ದಿನ ಓಡಿದ ಮೇಲೆ ‘ಟೂ ಮೆನಿ ಓಪನ್ ಫೈಲ್ಸ್’ ಎಂದು ನಿಲ್ಲುತ್ತದೆ. ಟರ್ಮಿನಲ್‌ನಲ್ಲಿ ಯುಲಿಮಿಟ್ ಮೂಲಕ ಫೈಲ್‌ಗಳ ಮಿತಿಯನ್ನು ಹೆಚ್ಚಿಸಿ ಸರ್ವೀಸ್ ಅನ್ನು ಮರಳಿ ಆರಂಭಿಸಿದರೂ ಫಲವಾಗಲಿಲ್ಲ.

ಉತ್ತರ: ತಾವು ಹೆಚ್ಚಿಸಿದ್ದು ಆ ಟರ್ಮಿನಲ್‌ನ ಶೆಲ್‌ಗೆ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂಗೆ) ಮತ್ತು ಅದರಿಂದ ಹುಟ್ಟುವ ಪ್ರೊಸೆಸ್‌ಗಳಿಗೆ ಇರುವ ಮಿತಿಯನ್ನು. ಸರ್ವೀಸ್ ಹುಟ್ಟುವುದು ಸಿಸ್ಟಮ್‌ಡಿಯಿಂದ. ಆಜ್ಞೆ ಕೊಟ್ಟವರು ತಾವಾದರೂ ಅದಕ್ಕೆ ಬರುವುದು ಸಿಸ್ಟಮ್‌ಡಿ ಕೊಟ್ಟ ಮಿತಿಯೇ. ಲಾಗಿನ್ ಸಮಯದಲ್ಲಿ ಓದಲಾಗುವ ಲಿಮಿಟ್ಸ್ ಡಾಟ್ ಕಾನ್ಫ್ ಫೈಲನ್ನು ತಿದ್ದಿದರೂ ಇದೇ ಕಾರಣಕ್ಕೆ ಪ್ರಯೋಜನವಾಗದು. ಸರ್ವೀಸ್‌ನ ಯೂನಿಟ್ ಫೈಲಿನಲ್ಲಿ ಲಿಮಿಟ್‌ನೋಫೈಲ್ ಎಂಬ ಸಾಲನ್ನು ಸೇರಿಸಿ, ಡೀಮನ್ ರೀಲೋಡ್ ಮಾಡಿ, ಮತ್ತೆ ಆರಂಭಿಸಬೇಕು. ಪ್ರಾಕ್ ಕೋಶದೊಳಗೆ ಆ ಪ್ರೊಸೆಸ್‌ನ ಸಂಖ್ಯೆಯಡಿ ಲಿಮಿಟ್ಸ್ ಎಂಬ ಫೈಲನ್ನು ತೆರೆದರೆ ಅದಕ್ಕೆ ನಿಜವಾಗಿ ಯಾವ ಮಿತಿ ಹತ್ತಿದೆ ಎಂಬುದು ಕಾಣುತ್ತದೆ. ಲಾರಿಗಳು ಸಾಲುಗಟ್ಟಿರುವಾಗ ನಿಲ್ಲಿಸುವಂತಿಲ್ಲವೆಂದಾದರೆ, 2010ರಿಂದ ಲಿನಕ್ಸ್‌ನಲ್ಲಿರುವ ಪಿಆರ್‌ಲಿಮಿಟ್ ಓಡುತ್ತಿರುವ ಪ್ರೊಸೆಸ್‌ನ ಮಿತಿಯನ್ನೇ ಬದಲಿಸಬಲ್ಲದು.

ಆದರೆ ಇಷ್ಟು ಮಾಡುವ ಮೊದಲು ಅದೇ ಸಂಖ್ಯೆಯಡಿ ಇರುವ, ತೆರೆದ ಫೈಲ್‌ಗಳ ಪಟ್ಟಿಯನ್ನು ತೋರಿಸುವ ಎಫ್‌ಡಿ ಕೋಶವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿರಿ. ಬಹುತೇಕ ಲಿನಕ್ಸ್‌ಗಳಲ್ಲಿ ರೂಢಿಯ ಮಿತಿ 1024. ಒಂದು ಗಿರಣಿಯ ಚೀಟಿ ಬರೆಯುವ ತಂತ್ರಾಂಶಕ್ಕೆ ಏಕಕಾಲಕ್ಕೆ ಅಷ್ಟು ಫೈಲ್‌ಗಳು ತೆರೆದಿರಬೇಕಾದ ಕಾರಣವೇ ಇಲ್ಲ. ಪ್ರತಿಯೊಂದು ಲಾರಿಗೂ ತೆರೆದ ಫೈಲ್ ಮುಚ್ಚದೆ ಉಳಿಯುತ್ತಿದೆ ಎಂಬುದೇ ನನ್ನ ಗುಮಾನಿ. ಹಾಗಿದ್ದರೆ ಮಿತಿ ಹೆಚ್ಚಿಸಿದಷ್ಟೂ ನಿಲ್ಲುವ ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೇ. ತಂತ್ರಾಂಶ ಬರೆದವರನ್ನು ಕರೆಸಿ ಆ ಪಟ್ಟಿಯನ್ನು ತೋರಿಸಿ.

ಪ್ರಶ್ನೆ: ರಾತ್ರಿ ಓಡುವ ನಮ್ಮ ಪ್ರೋಗ್ರಾಂ ಯಾವ ಸಂದೇಶವನ್ನೂ ಬರೆಯದೆ 137 ಎಂಬ ಅಂಕಿಯೊಂದಿಗೆ ಮುಗಿದಿರುತ್ತದೆ. ಅದರ ಅರ್ಥವೇನು? — ಬಳ್ಳಾರಿಯ ಓದುಗರು

ಉತ್ತರ: ಸಿಗ್ನಲ್‌ನಿಂದ, ಅಂದರೆ ಕರ್ನಲ್ ಮೂಲಕ ಬರುವ ಸೂಚನೆಯಿಂದ, ಸತ್ತ ಪ್ರೊಸೆಸ್‌ಗೆ ಶೆಲ್ 128ರ ಜೊತೆ ಸಿಗ್ನಲ್ ಸಂಖ್ಯೆಯನ್ನು ಕೂಡಿಸಿ ತೋರಿಸುತ್ತದೆ. 137 ಎಂದರೆ 9ನೆಯ ಸಿಗ್ನಲ್, ಅಂದರೆ ಸಿಗ್‌ಕಿಲ್. ಅದನ್ನು ಯಾವ ಪ್ರೋಗ್ರಾಂ ಕೂಡ ತಡೆಯಲಾರದ್ದರಿಂದ ಸಂದೇಶ ಬರೆಯಲು ಅವಕಾಶವೇ ಇರುವುದಿಲ್ಲ. ಮೆಮೊರಿ ಮುಗಿದು ಕರ್ನಲ್ ಕೊಂದಿದ್ದರೆ ಡಿಮೆಸೆಜ್ ಆಜ್ಞೆ ತೋರಿಸುವ ಕರ್ನಲ್ ಲಾಗ್‌ನಲ್ಲಿ ಅದರ ಗುರುತು ಸಿಗುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಸಿಪಿಯು ಮಿತಿಯನ್ನು ಪರಿಶೀಲಿಸಿ: ಯುಲಿಮಿಟ್‌ಗೆ ಒಂದೇ ಅಂಕಿ ಕೊಟ್ಟರೆ ಎಚ್ಚರಿಸುವ ಸಾಫ್ಟ್ ಮಿತಿ ಮತ್ತು ದಾಟಲಾಗದ ಹಾರ್ಡ್ ಮಿತಿ ಎರಡೂ ಒಂದೇ ಆಗಿ, ಎಚ್ಚರಿಕೆಯಿಲ್ಲದೆ ಸಿಗ್‌ಕಿಲ್ ಬರುತ್ತದೆ. ಸಾಫ್ಟ್ ಮಿತಿಯನ್ನು ಕೆಲವು ಸೆಕೆಂಡು ಕಡಿಮೆ ಇಟ್ಟರೆ ಮೊದಲು 24ನೆಯದಾದ ಸಿಗ್‌ಎಕ್ಸ್‌ಸಿಪಿಯು ಬರುತ್ತದೆ. ಪ್ರೋಗ್ರಾಂ ಅದನ್ನು ಹಿಡಿದು ಅರ್ಧಂಬರ್ಧ ಫಲಿತಾಂಶವನ್ನಾದರೂ ಬರೆದಿಡಬಹುದು. ಹಿಡಿಯದಿದ್ದರೆ ಬೆಳಿಗ್ಗೆ ತಮಗೆ 137ರ ಬದಲು 152 ಕಾಣಿಸುತ್ತದೆ.